ಮನುಷ್ಯರಿಲ್ಲದ ಚಿತ್ರ



ಕಳೆದ ಶ್ರಾವಣ ಮಾಸದಲ್ಲಿ ಬನಹಟ್ಟಿಯ ಒಂದು ಓಣಿಯಲ್ಲಿ ಪುರಾಣ ಹೇಳುವ ಸಂದರ್ಭ ನನಗೆ ಒದಗಿತ್ತು. ಒಂದು ರಾತ್ರಿ ಮಂಗಳಾರತಿ ಮುಗಿದು ಜನರು ಪ್ರಸಾದಕ್ಕೆ ಏಳುತ್ತಿದ್ದಾಗ, ನೇಕಾರ ಮನೆತನದ ತಾಯಿಯೊಬ್ಬರು ಬಂದು ಕಂಬದ ಪಕ್ಕದಲ್ಲಿ ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಸಂಕೋಚದಿಂದಲೇ ಮಾತಿಗೆ ತೊಡಗಿದರು:

“ಶಾಸ್ತ್ರಿಗಳ, ನಮ್ಮ ಹುಡುಗಗ ನೀವರೆ ಎರಡು ಮಾತು ಹೇಳ್ರಿ. ಲಗ್ನದ ಫೋಟೋ ತಗೀತಾನ, ನಾಕು ದುಡ್ಡು ತರತಾನ, ಅದಕ್ಕೇನೂ ಕಮ್ಮಿ ಇಲ್ಲ. ಆದರ ಲಗ್ನ ಇರದ ದಿವಸ ನಸುಕಿನ್ಯಾಗ ಎದ್ದು ಒಬ್ಬನ ಹೊಳಿ ದಂಡಿಗೆ ಹೋಗಿ ಕುಂಡರತಾನ. ಗುಡ್ಡದ ಫೋಟೋ ಅಂತಾನ, ನೀರಿನ ಫೋಟೋ ಅಂತಾನ. ಮನಷ್ಯಾರ ಇಲ್ಲದ ಫೋಟೋ ತಗೊಂಡು ಏನ ಮಾಡೂದ್ರಿ? ಎಲ್ಲಿ ಮನಿ ಬಿಟ್ಟು ಹೋಗತಾನೋ ಅಂತ ನನಗ ಅಂಜಿಕಿ.”

ಹೇಳುತ್ತೇನೆಂದು ಮಾತು ಕೊಟ್ಟೆ. ನಿಜವನ್ನು ಮುಚ್ಚಿಡುವುದೇಕೆ? ಆ ದಿನ ನನ್ನ ಮನಸ್ಸು ಸಂಪೂರ್ಣವಾಗಿ ಆ ತಾಯಿಯ ಪಕ್ಷದಲ್ಲಿಯೇ ಇತ್ತು. ಕಾಯಕವೆಂದರೆ ಮಗ್ಗ, ಅದು ಒಗ್ಗದಿದ್ದರೆ ಲಗ್ನದ ಫೋಟೋ. ಉಳಿದುದು ಹೊತ್ತು ಕಳೆಯುವ ಹವ್ಯಾಸವೆಂದೇ ನಾನೂ ಭಾವಿಸಿದ್ದೆ. ಆ ಹುಡುಗನಿಗೆ ಬುದ್ಧಿ ಹೇಳಲು ಹೋದ ನಾನೇ ಬುದ್ಧಿ ಕಲಿತು ಬಂದ ಬಗೆಯನ್ನು ಈ ತಿಂಗಳು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

ಆ ತಾಯಿಯ ಭಯಕ್ಕೆ ಕಾರಣವಿಲ್ಲದಿಲ್ಲ. ಏಕಾಂತವೆಂಬ ಮಾತನ್ನು ಕೇಳಿದೊಡನೆ ನಮಗೆ ನೆನಪಾಗುವುದು ಮನೆ ಬಿಟ್ಟವರು, ಗವಿ ಸೇರಿದವರು. ಆದರೆ ಏಕಾಂತದಲ್ಲಿ ಎರಡು ಬಗೆಯುಂಟು. ನಮ್ಮ ಮುಧೋಳ ಸೀಮೆಯ ಕವಿಚಕ್ರವರ್ತಿ ರನ್ನನು ತನ್ನ ಗದಾಯುದ್ಧದಲ್ಲಿ ಒಂದು ಬಗೆಯನ್ನು ತೋರಿಸಿದ್ದಾನೆ. ತಮ್ಮಂದಿರನ್ನೂ ಗೆಳೆಯ ಕರ್ಣನನ್ನೂ ಕಳೆದುಕೊಂಡ ದುರ್ಯೋಧನನು ವೈಶಂಪಾಯನ ಸರೋವರದ ನೀರಿನಲ್ಲಿ ಒಬ್ಬಂಟಿಯಾಗಿ ಅಡಗುತ್ತಾನೆ. ಅಲ್ಲಿ ಸರೋವರವಿದೆ, ನೀರಿನ ತಂಪಿದೆ, ಸುತ್ತಲೂ ನಿಶ್ಶಬ್ದವಿದೆ. ಆದರೆ ಅವನಿಗೆ ಅದಾವುದೂ ಕಾಣುವುದಿಲ್ಲ. ಅವನು ನೋಡಲು ಹೋದವನಲ್ಲ, ತನ್ನನ್ನು ಯಾರೂ ನೋಡದಿರಲೆಂದು ಹೋದವನು. ಅದು ಜಗತ್ತಿಗೆ ಬೆನ್ನು ಮಾಡಿದ ಏಕಾಂತ.

ಇನ್ನೊಂದು ಬಗೆಯನ್ನು ನಮ್ಮ ಧರ್ಮಗುರುವಿನ ಬಾಳಿನಲ್ಲಿ ಕಾಣುತ್ತೇವೆ. ಬಸವಣ್ಣನವರು ಎಳವೆಯಲ್ಲಿಯೇ ಮನೆಯಿಂದ ಹೊರಟು ಕೂಡಲಸಂಗಮಕ್ಕೆ ಬಂದರು. ಎರಡು ನದಿಗಳು ಕೂಡುವ ಆ ಪ್ರಶಾಂತ ಸ್ಥಳದಲ್ಲಿ ಅಧ್ಯಯನ ಮಾಡಿದರು, ಧ್ಯಾನಿಸಿದರು. ಆದರೆ ಅಲ್ಲಿಯೇ ಉಳಿಯಲಿಲ್ಲ. ಸಂಗಮದಲ್ಲಿ ದೊರೆತುದನ್ನು ಕಲ್ಯಾಣಕ್ಕೆ ಒಯ್ದರು, ಅನುಭವ ಮಂಟಪದಲ್ಲಿ ಎಲ್ಲರ ಮುಂದಿಟ್ಟರು. ಮರಳಿ ಜನರ ನಡುವೆ ತಂದು ನಿಲ್ಲಿಸುವ ಏಕಾಂತವಿದು.

ಹುಡುಗನ ಏಕಾಂತ ಈ ಎರಡರಲ್ಲಿ ಯಾವುದು? ಅದನ್ನು ತಿಳಿಯಬೇಕೆಂದು ಮಾಗಿಯ ಒಂದು ದಿನ ನಸುಕಿನಲ್ಲಿ ಅವನೊಡನೆ ನಾನೂ ಹೊರಟೆ. ರಬಕವಿಯ ಸಮೀಪ ಕೃಷ್ಣೆಯ ದಂಡೆಗೆ ಬಂದಾಗ ಇನ್ನೂ ಕತ್ತಲೆಯಿತ್ತು. ಅವನು ಮೂರು ಕಾಲಿನ ಸ್ಟ್ಯಾಂಡನ್ನು ಮಣ್ಣಿನಲ್ಲಿ ಊರಿ, ಕ್ಯಾಮೆರಾವನ್ನು ಅದರ ಮೇಲೆ ಬಿಗಿದು, ಪಕ್ಕದಲ್ಲಿ ಕುಳಿತುಕೊಂಡ. ಪೂರ್ವದಿಕ್ಕು ಬೆಳ್ಳಗಾಯಿತು. “ಇನ್ನೇನು ತಡ, ತೆಗೆಯಪ್ಪ” ಎಂದೆ. ಅವನು ವಿನಯದಿಂದಲೇ ಉತ್ತರಿಸಿದ: “ಬೆಳಗಾಗೈತ್ರಿ. ಬೆಳಕು ಬಂದಿಲ್ರಿ.”

ನಾನು ಸುಮ್ಮನಾದೆ. ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು. ನಲವತ್ತು ವರ್ಷಗಳಿಂದ ಏಕಾಂತ, ಮೌನ, ಏಕಾಗ್ರತೆಗಳ ಕುರಿತು ಪ್ರವಚನ ಮಾಡಿದ ನಾನು ಅರ್ಧ ತಾಸಿನಲ್ಲಿಯೇ ಎರಡು ಸಲ ಗಡಿಯಾರ ನೋಡಿದೆ, ಮೂರು ಸಲ ಶಾಲು ಸರಿಪಡಿಸಿಕೊಂಡೆ, ಕೊನೆಗೆ ಜೇಬಿನಿಂದ ಮೊಬೈಲನ್ನೂ ತೆಗೆದೆ. ಆ ಹುಡುಗ ಮಾತ್ರ ನದಿಯ ಮೇಲಿನ ಮಂಜಿನಿಂದ ಕಣ್ಣು ಕೀಳಲಿಲ್ಲ. ಒಂದೂವರೆ ತಾಸು ಕುಳಿತು ಅವನು ತೆಗೆದದ್ದು ಒಟ್ಟು ನಾಲ್ಕು ಚಿತ್ರ.

ಮರಳಿ ಬರುವಾಗ ಅವನು ಹೇಳಿದ ಸಂಗತಿಗಳು ನನಗೆ ಹೊಸವಾಗಿದ್ದವು. ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುವಾಗ ನೆರಳು ಕಾಲ ಬುಡದಲ್ಲಿ ಅಡಗಿರುತ್ತದೆ; ನಮ್ಮ ಎರಿ ಹೊಲ ಆಗ ಹಾಸಿದ ಕಂಬಳಿಯಂತೆ ಸಪಾಟಾಗಿ ಕಾಣುತ್ತದೆ. ಮುಂಜಾನೆ ಸಂಜೆಗಳ ಓರೆ ಬೆಳಕು ಬಿದ್ದಾಗಲೇ ನೇಗಿಲ ಸಾಲಿಗೂ ಹೆಂಟೆಗೂ ತನ್ನ ನೆರಳು ದೊರೆತು ಭೂಮಿಯ ಮೈಕಟ್ಟು ಎದ್ದು ತೋರುತ್ತದೆ. ಸೂರ್ಯ ತಗ್ಗಿನಲ್ಲಿರುವಾಗ ಅವನ ಕಿರಣ ಹೆಚ್ಚು ದಟ್ಟವಾದ ಗಾಳಿಯ ಪದರವನ್ನು ಹಾಯ್ದು ಬರಬೇಕಾಗುವುದರಿಂದ ನೀಲಿ ಚದುರಿಹೋಗಿ ಕೆಂಪು, ಹೊಂಬಣ್ಣಗಳು ಉಳಿಯುತ್ತವೆ. ಈ ಬೆಳಕು ಇರುವುದು ಕೆಲವೇ ನಿಮಿಷ. ನಮ್ಮ ಭಾಗದಲ್ಲಿ ಸಂಕ್ರಮಣದ ಸುಮಾರಿಗೆ 7 ಗಂಟೆಯ ಹೊತ್ತಿಗೆ ಹುಟ್ಟುವ ಸೂರ್ಯ ಕಾರಹುಣ್ಣಿಮೆಯ ಹೊತ್ತಿಗೆ 6 ಗಂಟೆಗೇ ಹುಟ್ಟುತ್ತಾನೆ. ಹುಟ್ಟುವ ಜಾಗವೂ ಒಂದೇ ಅಲ್ಲ. ಡಿಸೆಂಬರಿನ ಕೊನೆಗೆ ಆಗ್ನೇಯದ ಕಡೆಗೆ, ಜೂನ್ ತಿಂಗಳ ಉತ್ತರಾರ್ಧದಲ್ಲಿ ಈಶಾನ್ಯದ ಕಡೆಗೆ ಸರಿಯುತ್ತದೆ. ಈ ಎರಡು ಕೊನೆಗಳ ನಡುವಿನ ಅಂತರ ನಮ್ಮ ಅಕ್ಷಾಂಶದಲ್ಲಿ ಸುಮಾರು 49 ಅಂಶ. ಉತ್ತರಾಯಣ, ದಕ್ಷಿಣಾಯನಗಳನ್ನು ಪಂಚಾಂಗದಲ್ಲಿ ಓದಿ ಹೇಳುತ್ತ ಬಂದವನು ನಾನು. ಅವನ್ನು ಒಂದು ಗುಡ್ಡದ ನೆರಳಿನಲ್ಲಿ ಕಣ್ಣಾರೆ ಕಂಡವನು ಆ ಹುಡುಗ.

ಇಷ್ಟಲಿಂಗ ಪೂಜೆಯನ್ನು ಬಲ್ಲ ಓದುಗರಿಗೆ ಇದರ ಮರ್ಮವನ್ನು ಹೆಚ್ಚು ವಿವರಿಸಬೇಕಿಲ್ಲ. ಎಡ ಅಂಗೈಯ ಮೇಲೆ ಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ಅದರಲ್ಲಿ ನಿಲ್ಲಿಸಿದಾಗ ಮೊದಮೊದಲು ಕಾಣುವುದು ಲಿಂಗವಲ್ಲ, ನಮ್ಮ ಮನಸ್ಸಿನ ಸಂತೆ. ಆ ಸಂತೆ ಕರಗಿದ ಮೇಲೆಯೇ ನೋಟ ನೋಟವಾಗುತ್ತದೆ. ಅಲ್ಲಮಪ್ರಭುಗಳ ಗುರುವಿನ ಹೆಸರೇ ಅನಿಮಿಷ, ಎಂದರೆ ರೆಪ್ಪೆ ಬಡಿಯದವನು. ಕ್ಯಾಮೆರಾವನ್ನು ಕರಸ್ಥಲದ ಲಿಂಗಕ್ಕೆ ಹೋಲಿಸುವ ಅವಿವೇಕಕ್ಕೆ ನಾನು ಕೈಹಾಕಲಾರೆ. ಆದರೆ ನೋಡುವ ಶಿಸ್ತು ಎಲ್ಲಿದ್ದರೂ ಅದು ಒಂದೇ ಕುಲದ್ದು. ಕ್ಯಾಮೆರಾ ಎಂಬ ಲ್ಯಾಟಿನ್ ಪದದ ಮೂಲಾರ್ಥ ಕೋಣೆ ಎಂದು. ಒಂದು ಕತ್ತಲ ಕೋಣೆ, ಅದಕ್ಕೊಂದು ಸಣ್ಣ ಕಿಂಡಿ. ಒಳಗೆ ಕತ್ತಲೆಯಿದ್ದರೆ ಮಾತ್ರ ಹೊರಗಿನ ರೂಪ ಒಳಗಿನ ಗೋಡೆಯ ಮೇಲೆ ಮೂಡುತ್ತದೆ. ಒಳಗೇ ದೀಪ ಹೊತ್ತಿಸಿ ಕುಳಿತವನಿಗೆ ಹೊರಗಿನದು ಮೂಡದು. ನಮ್ಮ ಅಹಂಕಾರದ ದೀಪವನ್ನು ಕುರಿತು ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾನು ಪ್ರವಚನದಲ್ಲಿ ಹೇಳಿದ್ದಿಲ್ಲ.

ಹೀಗೆ ನಿಸರ್ಗದ ಎದುರು ಒಬ್ಬಂಟಿಯಾಗಿ ಕುಳಿತವರೆಲ್ಲ ಸಂಸಾರವನ್ನು ತೊರೆದವರೇ? ಅಲ್ಲ. ನಮ್ಮ ಮುಧೋಳವನ್ನಾಳಿದ ಘೋರ್ಪಡೆ ಮನೆತನದ ಮತ್ತೊಂದು ಕವಲು ಬಳ್ಳಾರಿ ಸೀಮೆಯ ಸಂಡೂರನ್ನು ಆಳಿತು. ಆ ಮನೆತನದ ಎಂ. ವೈ. ಘೋರ್ಪಡೆಯವರು (1931-2011) 1972ರಿಂದ 1977ರವರೆಗೆ ನಮ್ಮ ರಾಜ್ಯದ ಅರ್ಥಸಚಿವರಾಗಿದ್ದರು, ಮುಂದೆ ಪಂಚಾಯತ ರಾಜ್ಯದ ಹೊಣೆಯನ್ನೂ ಹೊತ್ತರು. ಲೆಕ್ಕಪತ್ರ, ವಿಧಾನಸಭೆ, ಜನಜಂಗುಳಿಗಳ ನಡುವೆಯೇ ಕ್ಯಾಮೆರಾ ಹಿಡಿದು ಕಾಡಿಗೆ ಹೋಗುತ್ತಿದ್ದರು. ಕಪ್ಪು-ಬಿಳುಪಿನ ಅವರ ಛಾಯಾಚಿತ್ರಗಳು ಲೋಕದ ಮನ್ನಣೆ ಪಡೆದವು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಗ್ರಂಥ 1983ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಹಾಗೆಯೇ ಪೂರ್ಣಚಂದ್ರ ತೇಜಸ್ವಿಯವರು (1938-2007) ನಗರದ ಗದ್ದಲವನ್ನು ಬಿಟ್ಟು ಮೂಡಿಗೆರೆಯ ಕಾಫಿ ತೋಟದಲ್ಲಿ ನೆಲೆಸಿದರು. ಹಕ್ಕಿಗಳ ಚಿತ್ರಕ್ಕಾಗಿ ಕಾಡಿನ ಮರೆಗಳಲ್ಲಿ ತಾಸುಗಟ್ಟಲೆ ಕುಳಿತರು. ಆದರೆ ಅವರು ಹೆಂಡತಿ ಮಕ್ಕಳೊಡನೆ ಬಾಳಿದ ಕೃಷಿಕರು. ತಾವು ಕಂಡ ಹಕ್ಕಿಗಳನ್ನು ಪುಸ್ತಕ ಮಾಡಿ ಕನ್ನಡದ ಮಕ್ಕಳ ಕೈಗಿತ್ತರು. ಇವರಾರೂ ಮನೆ ಬಿಟ್ಟು ಓಡಿಹೋದವರಲ್ಲ.

ಹೊರದೇಶದ ಒಂದು ನಿದರ್ಶನವನ್ನೂ ಹೇಳುವೆ. ಅಮೇರಿಕದ ಆನ್ಸೆಲ್ ಆಡಮ್ಸ್ (1902-1984) ಎಂಬವನು ಪರ್ವತ ಕಣಿವೆಗಳ ಚಿತ್ರಗಳಿಂದ ಜಗತ್ಪ್ರಸಿದ್ಧನಾದವನು. 1941ರಲ್ಲಿ ಒಂದು ಸಂಜೆ ನ್ಯೂ ಮೆಕ್ಸಿಕೋ ಪ್ರಾಂತದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಸಾಗುತ್ತಿದ್ದಾಗ, ಊರ ಮೇಲೆ ಚಂದ್ರ ಏರುತ್ತಿರುವುದನ್ನೂ, ಮುಳುಗುವ ಸೂರ್ಯನ ಕಡೆಯ ಬೆಳಕು ಅಲ್ಲಿನ ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಬಿದ್ದಿರುವುದನ್ನೂ ಕಂಡು ಗಾಡಿ ನಿಲ್ಲಿಸಿದ. ಅವಸರದಲ್ಲಿ ಬೆಳಕನ್ನು ಅಳೆಯುವ ಮಾಪಕ ಕೈಗೆ ಸಿಕ್ಕಲಿಲ್ಲ. ಚಂದ್ರನ ಬೆಳಕಿನ ಪ್ರಮಾಣ ಅವನಿಗೆ ಬಾಯಿಪಾಠವಾಗಿತ್ತು. ಆ ಲೆಕ್ಕದಿಂದಲೇ ಒಂದು ಚಿತ್ರ ತೆಗೆದ. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು. ಜನರು ಅದನ್ನು ಅದೃಷ್ಟವೆಂದಾರು; ಅದು ಎಷ್ಟೋ ವರ್ಷಗಳ ಸಾಧನೆ ಆ ಒಂದು ಕ್ಷಣಕ್ಕೆ ಸಿದ್ಧವಾಗಿ ಕಾದಿದ್ದುದರ ಫಲ.

ಈ ಆಡಮ್ಸನ ಇನ್ನೊಂದು ಕಾರ್ಯ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಿಂಗ್ಸ್ ಕ್ಯಾನ್ಯನ್ ಎಂಬ ಪರ್ವತ ಪ್ರದೇಶವನ್ನು ಉಳಿಸಬೇಕೆಂದು 1936ರಲ್ಲಿ ಅವನು ತನ್ನ ಚಿತ್ರಗಳನ್ನು ಹೊತ್ತುಕೊಂಡು ರಾಜಧಾನಿ ವಾಷಿಂಗ್ಟನ್ನಿಗೆ ಹೋಗಿ ಶಾಸನ ಮಾಡುವವರಿಗೆ ತೋರಿಸಿದ. ಆ ಪರ್ವತಸೀಮೆಯ ಚಿತ್ರಗಳ ಅವನ ಗ್ರಂಥ 1938ರಲ್ಲಿ ಹೊರಬಂದು ಅಧ್ಯಕ್ಷ ರೂಸ್ವೆಲ್ಟರವರೆಗೂ ತಲುಪಿತು. 1940ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಬೆಟ್ಟದ ಮೇಲೆ ಒಬ್ಬನೇ ಕುಳಿತು ಕಂಡುದು ಕೋಟ್ಯಂತರ ಜನರ ಆಸ್ತಿಯಾಯಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅವನ ಕಾಯಕ ದಾಸೋಹವಾಯಿತು.

ಚಿತ್ರ ತೆಗೆಯುವಂತಹ ಚೆಲುವು ನಮ್ಮ ಬಯಲುಸೀಮೆಯಲ್ಲಿ ಏನಿದೆ ಎಂದು ಕೇಳುವವರುಂಟು. ಹಿಮವಿಲ್ಲ, ಜಲಪಾತವಿಲ್ಲ, ದಟ್ಟ ಕಾಡಿಲ್ಲ, ನಿಜ. ಆದರೆ ನಮ್ಮ ಕಣ್ಣೆದುರಿನ ವಿಸ್ಮಯಗಳನ್ನು ನಾವೇ ನೋಡಿಲ್ಲ. ಆಷಾಢ ಶ್ರಾವಣಗಳಲ್ಲಿ ನಮ್ಮ ಮೇಲೆ ಹನಿ ಮಳೆಯಿಲ್ಲದಾಗಲೂ, ಮಹಾಬಳೇಶ್ವರದ ಕಡೆ ಸಹ್ಯಾದ್ರಿಯಲ್ಲಿ ಸುರಿದ ಮಳೆಯಿಂದ ಕೃಷ್ಣೆ ತುಂಬಿ ಕೆಂಪಾಗಿ ಬರುತ್ತಾಳೆ. ಒಣಗಿದ ಹೊಲ, ನೀಲಿ ಆಕಾಶ, ನಡುವೆ ಮಹಾಪೂರ; ಇಂತಹ ನೋಟ ಎಲ್ಲ ಕಡೆಗೂ ಸಿಕ್ಕದು. 2019ರ ಆಗಸ್ಟಿನಲ್ಲಿ ಕೃಷ್ಣಾ ಘಟಪ್ರಭೆಗಳು ಜಮಖಂಡಿ, ಮುಧೋಳ ಭಾಗದ ಮನೆಗಳಿಗೆ ನುಗ್ಗಿದ್ದನ್ನು ಮರೆತವರಿಲ್ಲ; ನದಿಯ ಚೆಲುವನ್ನೂ ರೌದ್ರವನ್ನೂ ಒಟ್ಟಿಗೆ ಬಲ್ಲವರು ನಾವು. 1989ರಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜಿನ ಹಿಂದೆ ನಿಂತ ನೀರಿನಲ್ಲಿ ಸಂಜೆಯ ಮುಗಿಲು ಬಿದ್ದಾಗ ಅದು ಬರಿಯ ಮುಗಿಲಿನ ಚಿತ್ರವಲ್ಲ, ಬೆವರಿನ ಚಿತ್ರವೂ ಹೌದು. ಲೋಕಾಪುರ, ಬೀಳಗಿಗಳ ಕಡೆಯ ಗುಡ್ಡಗಳ ಬೆಣಚು ಕಲ್ಲು ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿಯ ಉಸುಕಾಗಿತ್ತು. ಆ ನೀರಿನ ಅಲೆಯ ಗುರುತು ಈ ಸೀಮೆಯ ಎಷ್ಟೋ ಬಂಡೆಗಳ ಮೇಲೆ ಇನ್ನೂ ಉಳಿದಿದೆ. ಬೀಳಗಿ, ಮುಧೋಳ ತಾಲೂಕುಗಳ ನಡುವಣ ಯಡಹಳ್ಳಿಯ ಕುರುಚಲು ಕಾಡಿನಲ್ಲಿ ಚಿಂಕಾರಗಳು ಮೇಯುತ್ತವೆ; ಕಳೆದ ದಶಕದಲ್ಲಿ ಅದು ವನ್ಯಧಾಮವಾಯಿತು. ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದಾಗ ರಾಜಹಂಸಗಳು ಬಂದಿಳಿಯುತ್ತವೆ. ಚಳಿಗಾಲದಲ್ಲಿ ಸೂಲಂಗಿ ಬಿಟ್ಟ ಕಬ್ಬಿನ ಮೇಲೆ ಬೆಲ್ಲದ ಗಾಣದ ಹೊಗೆ ತೇಲುವುದನ್ನು, ಜಮಖಂಡಿಯ ರಾಮತೀರ್ಥದ ಗುಡ್ಡದ ಮೇಲೆ ಹೊತ್ತು ಮುಳುಗುವುದನ್ನು ನಾವು ದಿನವೂ ಹಾದುಹೋಗುತ್ತೇವೆ. ಹಾದುಹೋಗುವುದು ಬೇರೆ, ನೋಡುವುದು ಬೇರೆ.

ಇನ್ನು ನನ್ನ ಮನಸ್ಸನ್ನು ಪೂರ್ತಿಯಾಗಿ ತಿರುಗಿಸಿದ ಸಂಗತಿಗೆ ಬರುತ್ತೇನೆ.

ನಾನು ಹುಟ್ಟಿದ್ದು ಬೀಳಗಿ ತಾಲೂಕಿನ ಕೃಷ್ಣಾತೀರದ ಒಂದು ಚಿಕ್ಕ ಊರಿನಲ್ಲಿ. ಎಳೆಯ ವಯಸ್ಸಿನಲ್ಲಿಯೇ ಮಠದ ಪಾಠಶಾಲೆಗೆ ಸೇರಿದ್ದರಿಂದ ಊರಿನ ಸಂಬಂಧ ಹಬ್ಬ ಹುಣ್ಣಿಮೆಗಷ್ಟೇ ಉಳಿಯಿತು. ಈ ಶತಮಾನದ ಆರಂಭದ ಹೊತ್ತಿಗೆ ಆಲಮಟ್ಟಿಯ ಹಿನ್ನೀರು ಏರಿ ಬಂದು ಊರು ಮುಳುಗಿತು. ಮನೆಯವರು ಪುನರ್ವಸತಿ ಕೇಂದ್ರಕ್ಕೆ ಬಂದರು. ನಾಡಿನ ಹೊಲಗಳಿಗೆ ನೀರು ಬೇಕಿತ್ತು. ಅದನ್ನು ಅರಿಯದಷ್ಟು ಸ್ವಾರ್ಥಿಗಳು ನಾವಾಗಿರಲಿಲ್ಲ. ಆದರೆ ನನ್ನ ತಾಯಿ ತಮ್ಮ ಕೊನೆಯ ದಿನಗಳಲ್ಲಿ ಒಂದೇ ಮಾತನ್ನು ಹೇಳುತ್ತಿದ್ದರು: “ಒಮ್ಮೆ ಊರು ತೋರಿಸೋ ತಮ್ಮಾ. ಹೊಳಿ ದಂಡಿ, ಅದರ ಮ್ಯಾಲಿನ ಗುಡಿ, ಆ ಗುಡ್ಡ.” ತೋರಿಸಲು ಊರಿರಲಿಲ್ಲ. ಚಿತ್ರವಾದರೂ ಇದೆಯೇ ಎಂದು ಬಂಧುಗಳ ಮನೆಮನೆಗಳಲ್ಲಿ ಹುಡುಕಿದೆ. ಎಲ್ಲರ ಪೆಟ್ಟಿಗೆಗಳಲ್ಲಿಯೂ ಫೋಟೋಗಳಿದ್ದವು. ಎಲ್ಲವೂ ಸ್ಟುಡಿಯೋದಲ್ಲಿ ತೆಗೆಸಿದ ಮುಖಗಳ ಫೋಟೋ. ಹಿಂದೆ ಬಣ್ಣದ ಪರದೆ. ಪರದೆಯ ಮೇಲೆ ಯಾವುದೋ ದೇಶದ ಕೊಳ, ಕೊಳದಲ್ಲಿ ಬಾತುಕೋಳಿ. ಕೃಷ್ಣೆಯಂತಹ ನದಿ ಬಾಗಿಲಲ್ಲಿ ಹರಿಯುತ್ತಿದ್ದಾಗ ನಾವು ಬರೆದ ಕೊಳದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆವು. ತಾಯಿಗೆ ನಾನು ಏನನ್ನೂ ತೋರಿಸಲಾಗಲಿಲ್ಲ.

ನದಿಯ ದಂಡೆಯಿಂದ ಮರಳಿದ ಆ ದಿನ ಮಧ್ಯಾಹ್ನ ಪ್ರಸಾದವಾದ ಮೇಲೆ ಹುಡುಗ ತನ್ನ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಿದ್ದ. ಅವುಗಳಲ್ಲೊಂದು ಹಿಂದಿನ ಬೇಸಿಗೆಯಲ್ಲಿ ಬೀಳಗಿಯ ಕಡೆ ಹಿನ್ನೀರು ಇಳಿದಾಗ ತೆಗೆದದ್ದು. ಬಿರುಕು ಬಿಟ್ಟ ಕೆಸರು, ಸಾಲಾಗಿ ಕರಿಯ ಗಿಡದ ಬೊಡ್ಡೆಗಳು, ಒಂದು ಕಲ್ಲಿನ ಕಟ್ಟೆ, ದೂರದಲ್ಲಿ ಗುಡ್ಡ. “ಇದು ಯಾವ ಊರಂತ ಗೊತ್ತಿಲ್ರಿ. ಕಲ್ಲಿನ ಮ್ಯಾಲೆ ಬೆಳಕು ಚಂದ ಬಿದ್ದಿತ್ತು, ತಗದೆ” ಎಂದ. ನನಗೆ ಗೊತ್ತಿತ್ತು. ಕಟ್ಟೆಯಿಂದಲ್ಲ, ಬೊಡ್ಡೆಗಳಿಂದಲ್ಲ, ನಡುವೆ ತಗ್ಗಾಗಿ ಎತ್ತಿನ ಹಿಣಿಲಿನಂತೆ ಏಳುವ ಆ ಗುಡ್ಡದ ಅಂಚಿನಿಂದ ಗುರುತಿಸಿದೆ. ಬಾಲ್ಯದಲ್ಲಿ ಪ್ರತಿ ಮುಂಜಾನೆ ನಮ್ಮ ಕಟ್ಟೆಯ ಮೇಲೆ ಕುಳಿತು ನಾನು ನೋಡಿದ ಅಂಚು ಅದು. ಹುಡುಗ ಗಾಬರಿಯಾಗಿ “ಯಾಕ್ರಿ ಶಾಸ್ತ್ರಿಗಳ?” ಎಂದು ಕೇಳುವವರೆಗೆ ನನ್ನ ಕಣ್ಣು ತುಂಬಿದ್ದು ನನಗೇ ತಿಳಿಯಲಿಲ್ಲ. ಹತ್ತು ವರ್ಷ ಮೊದಲೇ ಆ ಚಿತ್ರ ಸಿಕ್ಕಿದ್ದರೆ ಒಬ್ಬ ಮುದುಕಿಯ ಕೈಗೆ ಅದನ್ನು ಕೊಡಬಹುದಿತ್ತು.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು, ಸುತ್ತಲೂ ಆಳವಾದ ಬಾವಿಯಂತೆ ಗೋಡೆ ಕಟ್ಟಿ ನೀರಿನಿಂದ ಕಾಪಾಡಿಕೊಂಡೆವು. ಅದರ ಮೇಲೆ ಇಡೀ ಸಮಾಜದ ಕಣ್ಣಿತ್ತು. ಸಾಮಾನ್ಯ ಊರುಗಳ ಮೇಲೆ ಯಾರ ಕಣ್ಣೂ ಇರಲಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ನಮ್ಮ ಮುಂದಿದೆ. ಅದರ ಸಾಧಕ-ಬಾಧಕಗಳ ಚರ್ಚೆ ಈ ಅಂಕಣದ ವಿಷಯವಲ್ಲ. ಮಟ್ಟ ಏರಿದಂದು ಇನ್ನೂ ಹಲವು ಊರುಗಳ ಹೊಲ, ಕಟ್ಟೆ, ಗುಡಿಗಳು ನೀರಿನಡಿ ಸೇರುತ್ತವೆ ಎಂಬುದಷ್ಟೇ ನನ್ನ ಮಾತು. ಪರಿಹಾರದ ಕಾಗದದಲ್ಲಿ ಎಕರೆ ಗುಂಟೆಗಳು ದಾಖಲಾಗುತ್ತವೆ; ಮುಂಜಾನೆಯ ಬೆಳಕಿನಲ್ಲಿ ಆ ಹೊಲ ಹೇಗೆ ಕಾಣುತ್ತಿತ್ತೆಂಬುದು ದಾಖಲಾಗುವುದಿಲ್ಲ. ಅದನ್ನು ಉಳಿಸಬಲ್ಲವನು ನಸುಕಿನಲ್ಲಿ ಒಬ್ಬನೇ ಹೋಗಿ ಕಾದು ಕುಳಿತವನು ಮಾತ್ರ.

ಬನಹಟ್ಟಿಯ ಆ ತಾಯಿಗೆ ನಾನು ಕೊಟ್ಟ ಉತ್ತರ ಇದು: “ಅವ್ವಾ, ನಿಮ್ಮ ಮಗನ ಚಿತ್ರದಾಗ ಮನುಷ್ಯಾರು ಇಲ್ಲ ಅನ್ನೂದು ಖರೆ ಅಲ್ಲ. ಅದನ್ನ ನೋಡೂ ಮನುಷ್ಯಾ ಇನ್ನೂ ಬಂದಿರೂದಿಲ್ಲ, ಅಷ್ಟ. ನಾ ಹೋಗಿ ನೋಡಿದ್ನಿ. ಅಲ್ಲಿ ನಾ ಸಿಕ್ಕೆ.” ಅವರಿಗೆ ಎಷ್ಟು ತಿಳಿಯಿತೋ ಕಾಣೆ. “ಮನಿ ಬಿಟ್ಟು ಹೋಗೂದಿಲ್ಲಲ್ರಿ?” ಎಂದು ಮತ್ತೊಮ್ಮೆ ಕೇಳಿ, ಇಲ್ಲವೆಂದಾಗ ಸಮಾಧಾನಗೊಂಡರು.

ಹುಡುಗನಿಗೂ ಕೆಲವು ಮಾತು ಹೇಳಿದ್ದೇನೆ. ಹೋಗುವಾಗ ಎಲ್ಲಿಗೆಂದು ಮನೆಯಲ್ಲಿ ಹೇಳಿ ಹೋಗಬೇಕು. ಹಿನ್ನೀರಿನ ಕೆಸರು ಮೇಲೆ ಒಣಗಿದಂತೆ ಕಂಡರೂ ಕಾಲನ್ನು ಎಳೆದುಕೊಳ್ಳುತ್ತದೆ. ಚಿತ್ರಕ್ಕಾಗಿ ಹಕ್ಕಿಯ ಗೂಡನ್ನು ಮುಟ್ಟಬಾರದು, ಹಾರಲೆಂದು ರಾಜಹಂಸಗಳನ್ನು ಬೆದರಿಸಬಾರದು. ಚಿತ್ರಕ್ಕಿಂತ ಜೀವ ದೊಡ್ಡದು. ಲಗ್ನದ ಕೆಲಸವನ್ನು ಕೀಳಾಗಿ ಕಾಣಬಾರದು. ಹೊಟ್ಟೆ ಹೊರೆಯುವ ಕಾಯಕವೇ ಈ ಏಕಾಂತಕ್ಕೂ ಆಧಾರ. ಪ್ರತಿ ಚಿತ್ರದ ಹಿಂದೆ ಊರಿನ ಹೆಸರು, ದಿನ, ವರ್ಷಗಳನ್ನು ಬರೆದಿಡಬೇಕು. ಹೆಸರಿಲ್ಲದ ಚಿತ್ರ ನನ್ನಂತಹ ಯಾವನೋ ಒಬ್ಬನ ಕಣ್ಣಿಗೆ ಬೀಳುವವರೆಗೆ ಅನಾಥವಾಗಿಯೇ ಉಳಿಯುತ್ತದೆ.

ಓದುಗ ಬಂಧುಗಳಲ್ಲಿಯೂ ಒಂದು ಬಿನ್ನಹವುಂಟು. ಇಂದು ಎಲ್ಲರ ಜೇಬಿನಲ್ಲಿಯೂ ಕ್ಯಾಮೆರಾ ಇದೆ, ಎಲ್ಲರೂ ಅದನ್ನು ತಮ್ಮ ಮುಖದ ಕಡೆಗೇ ಹಿಡಿಯುತ್ತಾರೆ. ಬರುವ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಒಂದು ಸಲ ಅದನ್ನು ಹೊರಕ್ಕೆ ತಿರುಗಿಸಿರಿ. ಬನ್ನಿಯ ಗಿಡ, ಬಾವಿಯ ಕಟ್ಟೆ, ಮನೆಯ ಮುಂದಿನಿಂದ ಕಾಣುವ ಗುಡ್ಡದ ಅಂಚು, ಇವುಗಳ ಒಂದೊಂದು ಚಿತ್ರ ಪ್ರತಿಯೊಂದು ಮನೆಯಲ್ಲಿಯೂ ಇರಲಿ. ಚಿತ್ರ ತೆಗೆಯುವ ಮುಂಚೆ ಅರ್ಧ ತಾಸು ಸುಮ್ಮನೆ ಕುಳಿತು ನೋಡಿರಿ. ಗಡಿಯಾರ ನೋಡಬೇಡಿರಿ. ಅದು ಎಷ್ಟು ಕಷ್ಟವೆಂಬುದು ನನಗೆ ಗೊತ್ತಿದೆ.

ನಾನೀಗ ತಿಂಗಳಿಗೊಮ್ಮೆ ಆ ಹುಡುಗನ ಜೊತೆ ನದಿಗೆ ಹೋಗುತ್ತೇನೆ. ಗುಡ್ಡದ ಆ ಚಿತ್ರವನ್ನು ಅವನು ದೊಡ್ಡದಾಗಿ ಮಾಡಿ ಕೊಟ್ಟಿದ್ದಾನೆ. ಮನೆಯಲ್ಲಿ ತಾಯಿಯ ಭಾವಚಿತ್ರದ ಎದುರಿನ ಗೋಡೆಗೆ ಅದನ್ನು ಹಾಕಿದ್ದೇನೆ.